ಕಟ್ಟಿದವರು, ಕಟ್ಟಿಸಿದವರು

ಪುಸ್ತಕವೊಂದನ್ನು ಕೈಗೆತ್ತಿಕೊಂಡರೆ ಅದರ ಹೆಸರಿನ ಜೊತೆಯಲ್ಲೇ ಬರೆದವರ ಹೆಸರೂ ಕಣ್ಣಿಗೆ ಬೀಳುತ್ತದೆ. ಪ್ರಕಾಶಕರ ಹೆಸರು ಅಡಿಯಲ್ಲಿ, ಸಣ್ಣ ಅಕ್ಷರದಲ್ಲಿ, ತನ್ನ ಸ್ಥಾನವನ್ನು ತಾನು ಬಲ್ಲ ಅತಿಥಿಯಂತೆ ಕುಳಿತಿರುತ್ತದೆ. ಈ ಕ್ರಮ ನಮಗೆ ಎಷ್ಟು ಸಹಜವಾಗಿಬಿಟ್ಟಿದೆಯೆಂದರೆ, ಇದು ಬೇರೆ ರೀತಿಯಲ್ಲಿಯೂ ಇರಬಹುದೆಂಬ ಯೋಚನೆಯೇ ಬರುವುದಿಲ್ಲ. ಬೇರೆ ರೀತಿಯಲ್ಲಿ ಇದ್ದರೆ ಹೇಗಿರುತ್ತದೆಂದು ತಿಳಿಯಬೇಕಾದರೆ ಬಹಳ ದೂರ ಹೋಗಬೇಕಾಗಿಲ್ಲ. ನಮ್ಮ ಮನೆಯ ಮಕ್ಕಳು ಆಡುವ ವಿಡಿಯೋ ಗೇಮುಗಳನ್ನು ನೋಡಿದರೆ ಸಾಕು. ಅಲ್ಲಿ ಡಬ್ಬಿಯ ಮೇಲೆ, ಪರದೆಯ ಮೇಲೆ, ಜಾಹೀರಾತಿನಲ್ಲಿ ಮೆರೆಯುವುದು ಪ್ರಕಾಶಕ ಸಂಸ್ಥೆಯ ಮುದ್ರೆ. ಆಟವನ್ನು ಕಲ್ಪಿಸಿದವರು, ಚಿತ್ರ ಬರೆದವರು, ಸಂಗೀತ ಕೂಡಿಸಿದವರು, ನಿದ್ದೆಗೆಟ್ಟು ಪ್ರೋಗ್ರಾಮು ಹೆಣೆದವರು ಯಾರೆಂದು ತಿಳಿಯಬೇಕಾದರೆ ಆಟವನ್ನು ಕಡೆಯತನಕ ಆಡಿ ಮುಗಿಸಿ, ಓಡುವ ಅಕ್ಷರಗಳನ್ನು ಹಿಡಿದು ಓದಬೇಕು. ಹಾಗೆ ಓದಿದರೂ ದುಡಿದವರೆಲ್ಲರ ಹೆಸರೂ ಅಲ್ಲಿರುತ್ತದೆಂಬ ಭರವಸೆಯಿಲ್ಲ.

ಕನ್ನಡದ ಮೇಷ್ಟರಿಗೆ ಗೇಮಿನ ಗೊಡವೆ ಏಕೆಂದು ಕೇಳುವ ಮಹನೀಯರಿದ್ದಾರೆ. ಅವರಿಗೆ ನನ್ನ ಉತ್ತರ ಇಷ್ಟೆ: ಕರ್ತೃತ್ವದ ಪ್ರಶ್ನೆ ಎಲ್ಲಿ ಎದ್ದರೂ ಅದು ಸಾಹಿತ್ಯದ ವಿದ್ಯಾರ್ಥಿಯ ಪ್ರಶ್ನೆಯೇ. 'ಕವಿರಾಜಮಾರ್ಗ'ದ ಕರ್ತೃ ನೃಪತುಂಗನೋ ಶ್ರೀವಿಜಯನೋ ಎಂಬ ಚರ್ಚೆಯಲ್ಲಿ ನಮ್ಮ ವಿದ್ವಾಂಸರು ಹರಿಸಿದ ಶಾಯಿ ಕಡಿಮೆಯದಲ್ಲ. ಸಾವಿರ ವರ್ಷಕ್ಕೂ ಹಿಂದಿನವರ ಹೆಸರಿಗಾಗಿ ಇಷ್ಟು ಕಾದಾಡುವ ನಾವು, ಇಂದು ಬದುಕಿ ದುಡಿಯುತ್ತಿರುವವರ ಹೆಸರನ್ನು ಕಣ್ಣೆದುರಿಗೇ ಒರಸಿಹಾಕುವುದನ್ನು ನೋಡಿ ಸುಮ್ಮನಿರುವುದು ಯಾವ ನ್ಯಾಯ? ಗೇಮು ಕಲೆಯೇ ಅಲ್ಲ, ಹುಡುಗಾಟ ಎಂಬ ಆಕ್ಷೇಪವೂ ಉಂಟು. ನಾಟಕವನ್ನೂ ಕಾದಂಬರಿಯನ್ನೂ ಸಿನಿಮಾವನ್ನೂ ಒಂದು ಕಾಲದಲ್ಲಿ ಹಾಗೆಯೇ ಕರೆದಿದ್ದರು. ಅದು ಹಾಗಿರಲಿ; ಕಲೆಯಲ್ಲದಿದ್ದರೂ ಅದು ಯಾರದೋ ಕೆಲಸವಂತೂ ಹೌದಷ್ಟೆ?

ಕನ್ನಡ ವ್ಯಾಕರಣದಲ್ಲಿ 'ಇಸು' ಎಂಬ ಪುಟ್ಟ ಪ್ರತ್ಯಯವೊಂದಿದೆ. ಅದು ಧಾತುವಿಗೆ ಸೇರಿದೊಡನೆ ಮಾಡುವವನು ಮಾಡಿಸುವವನಾಗುತ್ತಾನೆ, ಕಟ್ಟುವವನು ಕಟ್ಟಿಸುವವನಾಗುತ್ತಾನೆ. ಭಾಷೆ ಇಬ್ಬರಿಗೂ ಜಾಗ ಕೊಟ್ಟಿದೆ. ಆದರೆ ಒಬ್ಬನನ್ನು ಇನ್ನೊಬ್ಬನೆಂದು ಹೇಳಲು ಬಿಡುವುದಿಲ್ಲ. ಗೇಮಿನ ವ್ಯಾಪಾರದಲ್ಲಿ ಡೆವಲಪರ್ ಕಟ್ಟಿದವನು. ಪ್ರಕಾಶಕ ಕಟ್ಟಿಸಿದವನು, ಹಣ ಹೂಡುವುದು, ಪ್ರಚಾರ ಮಾಡುವುದು, ಅಂಗಡಿಗೆ ತಲುಪಿಸುವುದು ಅವನ ಕೆಲಸ. ಅದು ಸಣ್ಣ ಕೆಲಸವೆಂದು ನಾನು ಹೇಳುವುದಿಲ್ಲ. ನನ್ನ ವಾದ ಇಷ್ಟು: ಕಟ್ಟಿಸಿದವನು ಕಟ್ಟಿದವನ ಹೆಸರನ್ನು ನುಂಗುವುದು ಕೇವಲ ಅವಿನಯವಲ್ಲ; ಅವನ ಕೂಲಿಯನ್ನೂ ಹಕ್ಕನ್ನೂ ನುಂಗುವುದಕ್ಕೆ ಅದು ಪೀಠಿಕೆ. ಹೆಸರಿಲ್ಲದವನಿಗೆ ಚೌಕಾಸಿ ಮಾಡುವ ಶಕ್ತಿಯಿಲ್ಲ. ನಾಳೆ ಇನ್ನೊಬ್ಬ ಪ್ರಕಾಶಕನ ಬಾಗಿಲಿಗೆ ಹೋಗಿ 'ಇದನ್ನು ಮಾಡಿದವನು ನಾನು' ಎಂದು ಹೇಳಲು ಅವನ ಕೈಯಲ್ಲಿ ಪುರಾವೆಯಿಲ್ಲ.

ಈ ಕಥೆಯ ಮೊದಲ ಅಧ್ಯಾಯ ನಡೆದದ್ದು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ. ಅಟಾರಿ ಎಂಬ ಸಂಸ್ಥೆ ೧೯೭೭ರಲ್ಲಿ ಟೀವಿಗೆ ಜೋಡಿಸಿ ಆಡುವ ಯಂತ್ರವೊಂದನ್ನು ಮಾರುಕಟ್ಟೆಗೆ ತಂದಿತು. ಆ ಕಾಲದಲ್ಲಿ ಒಂದು ಗೇಮನ್ನು ಸಾಮಾನ್ಯವಾಗಿ ಒಬ್ಬನೇ ಕಟ್ಟುತ್ತಿದ್ದ. ಕಲ್ಪನೆ, ಚಿತ್ರ, ಶಬ್ದ, ಪ್ರೋಗ್ರಾಮು ಎಲ್ಲವೂ ಅವನದೇ. ಹಾಗಿದ್ದರೂ ಡಬ್ಬಿಯ ಮೇಲಾಗಲಿ ಆಟದ ಒಳಗಾಗಲಿ ಅವನ ಹೆಸರಿಗೆ ಎಡೆಯಿರಲಿಲ್ಲ. ವಾರೆನ್ ರಾಬಿನೆಟ್ ಎಂಬ ತರುಣ 'ಅಡ್ವೆಂಚರ್' ಎಂಬ ಗೇಮನ್ನು ಹೀಗೆ ಒಬ್ಬನೇ ಕುಳಿತು ರಚಿಸಿದ. ರಚಿಸುವಾಗ ಯಾರಿಗೂ ತಿಳಿಯದಂತೆ ಅದರೊಳಗೊಂದು ಗುಪ್ತ ಕೋಣೆಯನ್ನು ಕಟ್ಟಿದ. ಹಿನ್ನೆಲೆಯ ಬಣ್ಣದಲ್ಲೇ ಕರಗಿಹೋದ ಒಂದು ಚುಕ್ಕಿಯನ್ನು ಹುಡುಕಿ ಹೊತ್ತು ತಂದವರಿಗೆ ಮಾತ್ರ ಆ ಕೋಣೆಯ ಬಾಗಿಲು ತೆರೆಯುತ್ತಿತ್ತು. ಒಳಗೆ ಇದ್ದದ್ದು ನಿಧಿಯಲ್ಲ. ಇದನ್ನು ರಚಿಸಿದವನು ವಾರೆನ್ ರಾಬಿನೆಟ್ ಎಂಬ ಒಂದು ಸಾಲು. ೧೯೭೯ರಲ್ಲಿ ಆತ ಯಾರಿಗೂ ಹೇಳದೆ ಕೆಲಸ ಬಿಟ್ಟು ಹೋದ. ಗೇಮು ಮಾರಾಟಕ್ಕೆ ಬಂದ ಮೇಲೆ ಸಾಲ್ಟ್ ಲೇಕ್ ಸಿಟಿಯ ಹುಡುಗನೊಬ್ಬ ಅದನ್ನು ಕಂಡುಹಿಡಿದು ಸಂಸ್ಥೆಗೆ ಕಾಗದ ಬರೆದಾಗಲೇ ಗುಟ್ಟು ರಟ್ಟಾದದ್ದು.

ರಾಬಿನೆಟ್ ತಾವೇ ಹೇಳಿಕೊಂಡಿರುವ ಲೆಕ್ಕದ ಪ್ರಕಾರ ಅವರ ವಾರ್ಷಿಕ ಸಂಬಳ ಸುಮಾರು ೨೨,೦೦೦ ಡಾಲರು. ಆ ಗೇಮು ಸುಮಾರು ೨೫ ಡಾಲರಿನ ಬೆಲೆಗೆ ೧೦ ಲಕ್ಷದಷ್ಟು ಪ್ರತಿಗಳು ಮಾರಾಟವಾಯಿತು. ಅದರಲ್ಲಿ ಅವರಿಗೆ ಗೌರವಧನವೆಂಬುದು ಒಂದು ಕಾಸೂ ಇಲ್ಲ. ಇಂಥ ಗುಪ್ತ ಕೋಣೆಗಳನ್ನು ಇಂದು 'ಈಸ್ಟರ್ ಎಗ್' ಎಂದು ಕರೆದು ಆಟಗಾರರು ಖುಷಿಪಡುತ್ತಾರೆ; ಪ್ರಕಾಶಕರು ಅದನ್ನೇ ಪ್ರಚಾರಕ್ಕೂ ಬಳಸುತ್ತಾರೆ. ನನಗೆ ಅದರಲ್ಲಿ ತಮಾಷೆ ಕಾಣುವುದಿಲ್ಲ. ತಾನು ಕಟ್ಟಿದ ಮನೆಗೆ ತಾನೇ ಕನ್ನ ಕೊರೆದು ತನ್ನ ಹೆಸರನ್ನು ಬಚ್ಚಿಡಬೇಕಾಗಿ ಬಂದ ಕುಶಲಿಯೊಬ್ಬನ ಅವಮಾನ ಕಾಣುತ್ತದೆ.

ಅದೇ ೧೯೭೯ರಲ್ಲಿ ಅಟಾರಿಯ ನಾಲ್ವರು ನುರಿತ ಪ್ರೋಗ್ರಾಮರುಗಳು, ಡೇವಿಡ್ ಕ್ರೇನ್, ಲ್ಯಾರಿ ಕಪ್ಲಾನ್, ಅಲನ್ ಮಿಲ್ಲರ್, ಬಾಬ್ ವೈಟ್‌ಹೆಡ್, ತಮ್ಮ ಮುಖ್ಯಾಧಿಕಾರಿಯಾದ ರೇ ಕಸ್ಸಾರ್ ಅವರ ಬಳಿ ಹೋಗಿ ಹೆಸರನ್ನೂ ಗೌರವಧನವನ್ನೂ ಕೇಳಿದರು. ಹಿಂದಿನ ವರ್ಷದ ೧೦ ಕೋಟಿ ಡಾಲರು ವ್ಯಾಪಾರದಲ್ಲಿ ೬ ಕೋಟಿಯಷ್ಟು ತಾವು ನಾಲ್ವರು ಕಟ್ಟಿದ ಗೇಮುಗಳಿಂದಲೇ ಬಂದದ್ದೆಂದು ಅವರು ಲೆಕ್ಕ ಹಾಕಿದ್ದರಂತೆ. ಅಧಿಕಾರಿಯಿಂದ ಬಂದ ಉತ್ತರವನ್ನು ಕ್ರೇನ್ ಹಲವು ಸಲ ನೆನೆದಿದ್ದಾರೆ: ಕಾರ್ಖಾನೆಯ ಸಾಲಿನಲ್ಲಿ ನಿಂತು ಪೆಟ್ಟಿಗೆ ಜೋಡಿಸುವವರಿಗಿಂತ ನೀವೇನೂ ಹೆಚ್ಚಲ್ಲ, ಎಂದು. ಜೋಡಿಸುವ ಕಾರ್ಮಿಕನನ್ನು ಹೀಯಾಳಿಸಿ ಪ್ರೋಗ್ರಾಮರನ್ನು ಅವಮಾನಿಸುವ ಈ ಒಂದು ಮಾತಿನಲ್ಲಿ ಎರಡು ಅನ್ಯಾಯಗಳಿವೆ ಎಂಬುದನ್ನು ವಾಚಕರು ಗಮನಿಸಬೇಕು. ನಾಲ್ವರೂ ಹೊರಬಂದು ಆಕ್ಟಿವಿಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಅಟಾರಿ ೧೯೮೦ರಲ್ಲಿ ಅವರ ಮೇಲೆ ದಾವೆ ಹೂಡಿತು. ೧೯೮೨ರಲ್ಲಿ ಅದು ರಾಜಿಯಲ್ಲಿ ಮುಗಿಯಿತು. ಯಂತ್ರ ಮಾಡಿದವನೇ ಗೇಮನ್ನೂ ಮಾಡಬೇಕೆಂಬ ಏಕಸ್ವಾಮ್ಯ ಅಲ್ಲಿಗೆ ಮುರಿಯಿತು. ಆಕ್ಟಿವಿಷನ್ನಿನ ಡಬ್ಬಿಗಳ ಮೇಲೆ ಗೇಮು ರಚಿಸಿದವರ ಹೆಸರು ಅಚ್ಚಾಯಿತು. ಕ್ರೇನ್ ೧೯೮೨ರಲ್ಲಿ ರಚಿಸಿದ 'ಪಿಟ್‌ಫಾಲ್' ಲಕ್ಷಗಟ್ಟಲೆ ಮನೆಗಳಿಗೆ ಹೋದದ್ದು ಅವರ ಹೆಸರನ್ನು ಹೊತ್ತುಕೊಂಡೇ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಈ ಲೇಖನ ಬರೆಯಬೇಕಾಗಿರಲಿಲ್ಲ. ಹೆಸರಿಗಾಗಿ ಹುಟ್ಟಿದ ಆ ಆಕ್ಟಿವಿಷನ್, ಒಡೆಯರು ಬದಲಾಗಿ, ಮೈ ಬೆಳೆದು, ಜಗತ್ತಿನ ಅತಿ ದೊಡ್ಡ ಪ್ರಕಾಶಕರಲ್ಲೊಂದಾಯಿತು. ೨೦೦೯ರ ನವೆಂಬರಿನಲ್ಲಿ ಅದು ಪ್ರಕಟಿಸಿದ 'ಮಾಡರ್ನ್ ವಾರ್‌ಫೇರ್ ೨' ಮೂರು ತಿಂಗಳು ತುಂಬುವ ಮೊದಲೇ ನೂರು ಕೋಟಿ ಡಾಲರು ಮೀರಿದ ವ್ಯಾಪಾರ ಮಾಡಿತು. ಆ ಗೇಮನ್ನು ಕಟ್ಟಿದ ಇನ್ಫಿನಿಟಿ ವಾರ್ಡ್ ಎಂಬ ಸ್ಟುಡಿಯೋದ ಮುಖ್ಯಸ್ಥರಿಬ್ಬರನ್ನು ೨೦೧೦ರ ಮಾರ್ಚಿನಲ್ಲಿ ಕೆಲಸದಿಂದ ತೆಗೆದುಹಾಕಿತು. ಅವಿಧೇಯತೆ, ಒಪ್ಪಂದ ಭಂಗ ಎಂದು ಸಂಸ್ಥೆಯ ಆರೋಪ. ತಮಗೆ ಬರಬೇಕಾದ ಗೌರವಧನವನ್ನು ತಪ್ಪಿಸಲು ಹೂಡಿದ ಆಟ ಎಂದು ಅವರ ಪ್ರತ್ಯಾರೋಪ. ಆ ಸ್ಟುಡಿಯೋದ ಹತ್ತಾರು ಜನ ನೌಕರರೂ ತಮ್ಮ ಬಾಕಿಗಾಗಿ ನ್ಯಾಯಾಲಯಕ್ಕೆ ಹೋದರು. ೨೦೧೨ರಲ್ಲಿ ಎಲ್ಲವೂ ರಾಜಿಯಾಯಿತು. ರಾಜಿಯ ಷರತ್ತುಗಳು ಹೊರಗೆ ಬರಲಿಲ್ಲ. ಸೊಸೆಯಾಗಿದ್ದಾಗ ಅತ್ತ ಹೆಂಗಸು ಅತ್ತೆಯಾದ ಮೇಲೆ ಸೊಸೆಯನ್ನು ಅಳಿಸುತ್ತಾಳೆಂಬ ನಮ್ಮ ಹೆಂಗಸರ ಮಾತು ಸುಳ್ಳಲ್ಲ. ಆದ್ದರಿಂದಲೇ ಈ ರೋಗ ಒಬ್ಬ ಕೆಟ್ಟ ಧಣಿಯ ಸ್ವಭಾವದಲ್ಲಿಲ್ಲ, ಕಟ್ಟಿಸುವವನ ಕುರ್ಚಿಯಲ್ಲಿಯೇ ಇದೆ ಎಂದು ನಾನು ಹೇಳುವುದು.

ಇನ್ಫಿನಿಟಿ ವಾರ್ಡ್ ಪ್ರಕಾಶಕನ ಒಡೆತನಕ್ಕೆ ಸೇರಿದ ಸ್ಟುಡಿಯೋ ಆಗಿತ್ತು. ಸ್ವತಂತ್ರ ಡೆವಲಪರುಗಳ ಪಾಡಾದರೂ ಮೇಲೋ? ಅಬ್ಸಿಡಿಯನ್ ಎಂಬ ಸ್ಟುಡಿಯೋ ೨೦೧೦ರಲ್ಲಿ ಬೆಥೆಸ್ಡಾ ಎಂಬ ಪ್ರಕಾಶಕ ಸಂಸ್ಥೆಗಾಗಿ 'ಫಾಲೌಟ್: ನ್ಯೂ ವೇಗಸ್' ಎಂಬ ಗೇಮನ್ನು ಕಟ್ಟಿಕೊಟ್ಟಿತು. ಆಗ ಅದು ಯಾರ ಒಡೆತನಕ್ಕೂ ಸೇರದ ಸಂಸ್ಥೆ. ಅದರ ಪ್ರಮುಖರಲ್ಲಿ ಒಬ್ಬರಾದ ಕ್ರಿಸ್ ಅವೆಲ್ಲೋನ್ ೨೦೧೨ರಲ್ಲಿ ಒಪ್ಪಂದದ ಸ್ವರೂಪವನ್ನು ಬಹಿರಂಗಪಡಿಸಿದರು: ಒಂದೇ ಗಂಟು ಹಣ, ಮಾರಾಟದಲ್ಲಿ ಪಾಲಿಲ್ಲ; ವಿಮರ್ಶಕರ ಅಂಕಗಳನ್ನು ಕೂಡಿಸಿ ಸರಾಸರಿ ತೆಗೆಯುವ ಮೆಟಾಕ್ರಿಟಿಕ್ಕಿನಲ್ಲಿ ನೂರಕ್ಕೆ ೮೫ ಬಂದರೆ ಮಾತ್ರ ಹೆಚ್ಚಿನ ಬೋನಸು. ಬಂದದ್ದು ೮೪. ಮೊದಲ ತಿಂಗಳಲ್ಲೇ ೫೦ ಲಕ್ಷ ಪ್ರತಿಗಳನ್ನು ಅಂಗಡಿಗಳಿಗೆ ಕಳಿಸಲಾಗಿದ್ದ ಗೇಮು ಅದು. ಒಂದು ಅಂಕಕ್ಕೆ ಬೋನಸು ಹೋಯಿತು. ಪರೀಕ್ಷೆಯ ಉತ್ತರಪತ್ರಿಕೆಗಳನ್ನು ವರ್ಷವರ್ಷವೂ ತಿದ್ದುವ ನನಗೆ ೮೪ಕ್ಕೂ ೮೫ಕ್ಕೂ ಇರುವ ಅಂತರ ಏನೆಂದು ಚೆನ್ನಾಗಿ ಗೊತ್ತಿದೆ: ತಿದ್ದುವವನು ಆ ಹೊತ್ತಿಗೆ ಕಾಫಿ ಕುಡಿದಿದ್ದನೋ ಇಲ್ಲವೋ ಎಂಬಷ್ಟೇ. ಅಂಥ ಅಂತರದ ಮೇಲೆ ಮನುಷ್ಯರ ಅನ್ನವನ್ನು ತೂಗಿಡುವ ಕರಾರನ್ನು ವ್ಯವಹಾರವೆಂದು ಕರೆಯಬಹುದು, ನ್ಯಾಯವೆಂದು ಕರೆಯಲಾಗದು.

ಇನ್ನು ಇಬ್ಬರು ಮೂವರು ಗೆಳೆಯರು ಸೇರಿ ಗೇಮು ಕಟ್ಟುವ ಸಣ್ಣ ತಂಡಗಳನ್ನು ನೋಡೋಣ. ಇವರು ಪ್ರಕಾಶಕನೊಡನೆ ಮಾಡಿಕೊಳ್ಳುವ ಒಪ್ಪಂದದ ಜೀವಾಳ ಒಂದು ಷರತ್ತಿನಲ್ಲಿದೆ: ಪ್ರಕಾಶಕ ತಾನು ಹೂಡಿದ್ದನ್ನು ಮೊದಲು ವಾಪಸು ಪಡೆಯುತ್ತಾನೆ, ಪಾಲು ಆಮೇಲೆ. ಊಹೆಯ ಲೆಕ್ಕವೊಂದನ್ನು ಹಾಕಿ ನೋಡಿ. ಪ್ರಕಾಶಕ ೫೦ ಲಕ್ಷ ರೂಪಾಯಿ ಮುಂಗಡ ಕೊಟ್ಟ. ಪ್ರಚಾರಕ್ಕೆಂದು ೨೦ ಲಕ್ಷ ಬರೆದುಕೊಂಡ. ಗೇಮು ಒಂದು ಕೋಟಿ ರೂಪಾಯಿಗೆ ಮಾರಾಟವಾಯಿತು. ಸ್ಟೀಮ್ ಎಂಬ ಅಂಗಡಿ ಸಾಮಾನ್ಯವಾಗಿ ನೂರಕ್ಕೆ ೩೦ರಷ್ಟು ಹಿಡಿದುಕೊಳ್ಳುತ್ತದೆ. ಅಲ್ಲಿಗೆ ೩೦ ಲಕ್ಷ ಹೋಯಿತು. ಉಳಿದ ೭೦ ಲಕ್ಷ ಪ್ರಕಾಶಕನ ಹೂಡಿಕೆಗೆ ವಜಾ. ಕಟ್ಟಿದವರ ಪಾಲಿಗೆ ಉಳಿದದ್ದು ಸೊನ್ನೆ. ಮುಂಗಡದಿಂದಲೇ ಅವರು ಇಷ್ಟು ದಿನ ಊಟ ಮಾಡಿದರಲ್ಲ ಎನ್ನಬಹುದು, ಮಾಡಿದರು ನಿಜ. ಆದರೆ ಪ್ರಚಾರಕ್ಕೆ ೨೦ ಲಕ್ಷ ನಿಜವಾಗಿಯೂ ಖರ್ಚಾಯಿತೆಂದು ಬರೆದವರು ಯಾರು? ಪ್ರಕಾಶಕನ ಗುಮಾಸ್ತ. ಅದನ್ನು ಪರಿಶೀಲಿಸುವ ಹಕ್ಕು ಒಪ್ಪಂದದಲ್ಲಿ ಇಲ್ಲದಿದ್ದರೆ ಪಾಲೆಂಬುದು ಕನ್ನಡಿಯ ಗಂಟು. ರಾ ಫ್ಯೂರಿ ಎಂಬ ಸ್ವೀಡನ್ನಿನ ಪ್ರಕಾಶಕ ಸಂಸ್ಥೆ ೨೦೨೧ರಲ್ಲಿ ತನ್ನ ಒಪ್ಪಂದದ ನಮೂನೆಯನ್ನು ಎಲ್ಲರೂ ಓದುವಂತೆ ಪ್ರಕಟಿಸಿತು. ಹೂಡಿಕೆ ಹಿಂತಿರುಗಿದ ಮೇಲೆ ಇಬ್ಬರಿಗೂ ಸಮಪಾಲೆಂದು ಅದರಲ್ಲಿತ್ತು. ಒಪ್ಪಂದವನ್ನು ಬಯಲಿಗಿಟ್ಟರೆ ಪ್ರಕಾಶಕನ ಮನೆ ಮುಳುಗುವುದಿಲ್ಲವೆಂಬುದು ಇದರಿಂದ ಸಿದ್ಧವಾಯಿತು. ಉಳಿದವರೆಲ್ಲ ಈ ದಾರಿ ಏಕೆ ಹಿಡಿಯಬಾರದು?

ಹೆಸರಿನ ವಿಷಯಕ್ಕೆ ಮರಳೋಣ. ಆಸ್ಟ್ರೇಲಿಯದ ಸಿಡ್ನಿಯ ಟೀಮ್ ಬಾಂಡಿ ಎಂಬ ಸ್ಟುಡಿಯೋ ಕಟ್ಟಿ, ರಾಕ್‌ಸ್ಟಾರ್ ೨೦೧೧ರಲ್ಲಿ ಪ್ರಕಟಿಸಿದ 'ಎಲ್. ಎ. ನ್ವಾರ್' ಎಂಬ ಗೇಮಿನಿಂದ ಅದಕ್ಕಾಗಿ ದುಡಿದಿದ್ದ ನೂರಕ್ಕೂ ಹೆಚ್ಚು ಜನರ ಹೆಸರುಗಳು ಬಿಟ್ಟುಹೋಗಿದ್ದವು. ಕಡೆಗೆ ಅವರೇ ಸೇರಿ ಪಟ್ಟಿಯೊಂದನ್ನು ಹೊರತರಬೇಕಾಯಿತು. ಜಪಾನಿನ ನಿಂಟೆಂಡೊ ೨೦೨೧ರಲ್ಲಿ ಪ್ರಕಟಿಸಿದ 'ಮೆಟ್ರಾಯ್ಡ್ ಡ್ರೆಡ್' ಅನ್ನು ಕಟ್ಟಿದ್ದು ಸ್ಪೇನಿನ ಮರ್ಕ್ಯುರಿಸ್ಟೀಮ್. ಅಲ್ಲಿ ತಿಂಗಳುಗಟ್ಟಲೆ ದುಡಿದಿದ್ದ ಕೆಲವರು ತಮ್ಮ ಹೆಸರನ್ನು ಕಾಣದೆ ಕೇಳಿದಾಗ ಸಂಸ್ಥೆ ಕೊಟ್ಟ ಉತ್ತರ: ಒಟ್ಟು ತಯಾರಿಕೆಯ ಕಾಲದಲ್ಲಿ ನೂರಕ್ಕೆ ೨೫ರಷ್ಟಾದರೂ ದುಡಿದವರ ಹೆಸರನ್ನು ಮಾತ್ರ ಹಾಕುವುದು ನಮ್ಮ ನಿಯಮ. ಅಂದರೆ ಗೇಮು ಕಟ್ಟಲು ನಾಲ್ಕು ವರ್ಷ ಹಿಡಿದರೆ, ಹನ್ನೊಂದು ತಿಂಗಳು ಬೆವರು ಸುರಿಸಿದವನು ಲೆಕ್ಕಕ್ಕಿಲ್ಲ. ಕಾಲೇಜಿನ ಹಾಜರಾತಿಗೆ ಇರುವಂಥ ನಿಯಮವನ್ನು ಕರ್ತೃತ್ವಕ್ಕೆ ಅನ್ವಯಿಸಿದ ಜಾಣತನ ಇದು. ನಿಂಟೆಂಡೊ ೨೦೨೩ರಲ್ಲಿ 'ಮೆಟ್ರಾಯ್ಡ್ ಪ್ರೈಮ್' ಅನ್ನು ಹೊಸ ರೂಪದಲ್ಲಿ ಹೊರತಂದಾಗ, ೨೦೦೨ರಲ್ಲಿ ಮೂಲವನ್ನು ಕಟ್ಟಿದವರನ್ನು ಹೆಸರಿಸದೆ 'ಮೂಲ ತಂಡದ ಕೃತಿಯನ್ನು ಆಧರಿಸಿದ್ದು' ಎಂಬರ್ಥದ ಒಂದು ಸಾಲಿನಲ್ಲಿ ಮುಗಿಸಿತು. ಮಹಾಕಾವ್ಯವೊಂದನ್ನು ಮರುಮುದ್ರಿಸಿ 'ಮೂಲ ಕವಿಗೆ ನಮಸ್ಕಾರ' ಎಂದು ಬರೆದು, ಕವಿ ಯಾರೆಂಬುದನ್ನು ಹೇಳದೆ ಬಿಟ್ಟ ಹಾಗಾಯಿತು.

ಪ್ರಕಾಶಕರ ಪರವಾಗಿ ಹೇಳುವ ಮಾತುಗಳಿಲ್ಲವೆ? ಇವೆ, ಅವನ್ನು ಪರಿಶೀಲಿಸುವುದು ನನ್ನ ಕರ್ತವ್ಯ. ಮೊದಲನೆಯದು, ಹಣ ಹೂಡಿ ನಷ್ಟದ ಭಯವನ್ನು ಹೊರುವವನು ಪ್ರಕಾಶಕ ಎಂಬುದು. ಹಣದ ನಷ್ಟ ಅವನದು ಹೌದು. ಆದರೆ ಮೂರು ನಾಲ್ಕು ವರ್ಷದ ಯೌವನವನ್ನು ಒಂದೇ ಗೇಮಿಗೆ ಸುರಿದವನ ನಷ್ಟವನ್ನು ಯಾವ ಖಾತೆಯಲ್ಲಿ ಬರೆಯೋಣ? ಪ್ರಕಾಶಕ ಹತ್ತು ಗೇಮುಗಳಲ್ಲಿ ಹಣ ಹೂಡಿ ಒಂದರಲ್ಲಿ ಗೆಲ್ಲುತ್ತಾನೆ. ಕಟ್ಟುವವನಿಗೆ ಹತ್ತು ಜನ್ಮಗಳಿಲ್ಲ. ಎರಡನೆಯದು, ನೂರಾರು ಜನ ದುಡಿಯುವಾಗ ಎಲ್ಲರ ಹೆಸರನ್ನೂ ಹಾಕುವುದು ಅಸಾಧ್ಯ ಎಂಬುದು. ತಿಂಗಳ ಕೊನೆಯಲ್ಲಿ ಅಷ್ಟು ಜನರಿಗೂ ಸಂಬಳ ಬಟವಾಡೆ ಮಾಡುವ ಪಟ್ಟಿ ಇರುತ್ತದಲ್ಲ, ಅದನ್ನೇ ನಕಲು ಮಾಡಿದರೆ ಆಯಿತು. ಪರದೆಯ ಮೇಲೆ ಓಡುವ ಅಕ್ಷರಕ್ಕೆ ಕಾಗದದ ಖರ್ಚೂ ಇಲ್ಲ. ಮೂರನೆಯದು, ಸಂಬಳ ಕೊಟ್ಟ ಮೇಲೆ ಹೆಸರಿನ ಋಣವೇನು ಎಂಬುದು. ಸಂಬಳ ದುಡಿಮೆಗೆ ಕೊಡುವ ಬೆಲೆ. ಸತ್ಯ ಹೇಳದಿರುವುದಕ್ಕೆ ಕೊಡುವ ಬೆಲೆಯಲ್ಲ. ನಾಲ್ಕನೆಯದು, ಒಪ್ಪಂದಕ್ಕೆ ಅವರೇ ರುಜು ಹಾಕಿದ್ದಾರೆ ಎಂಬುದು. ಜೀತದ ಪತ್ರಕ್ಕೂ ಹೆಬ್ಬೆಟ್ಟು ಒತ್ತಿದವರು ಅವರೇ ಆಗಿದ್ದರು. ಕೊನೆಯದು, ಆಟಗಾರನಿಗೆ ಹೆಸರುಗಳು ಬೇಕಿಲ್ಲ ಎಂಬುದು. ಊಟ ಮಾಡುವವನಿಗೆ ರೈತನ ಹೆಸರು ಬೇಕಿಲ್ಲವೆಂದು ರೈತನ ಜಮೀನನ್ನು ಬೇರೆಯವರ ಹೆಸರಿಗೆ ಖಾತೆ ಮಾಡಿಸಬಹುದೆ?

ಇದೆಲ್ಲ ಬಂಡವಾಳಶಾಹಿಯ ದೋಷ, ಸರ್ಕಾರವೇ ಒಡೆಯನಾದರೆ ಸರಿಹೋಗುತ್ತದೆ ಎಂದು ಕೆಲವರು ಹೇಳಬಹುದು. ಅವರು 'ಟೆಟ್ರಿಸ್'ನ ಚರಿತ್ರೆಯನ್ನು ನೋಡಬೇಕು. ಅಲೆಕ್ಸಿ ಪಜಿಟ್ನೋವ್ ೧೯೮೪ರಲ್ಲಿ ಮಾಸ್ಕೋದ ವಿಜ್ಞಾನ ಅಕಾಡೆಮಿಯ ಕಂಪ್ಯೂಟರ್ ಕೇಂದ್ರದಲ್ಲಿ ಈ ಗೇಮನ್ನು ಕಲ್ಪಿಸಿದರು. ಹಕ್ಕು ಸೋವಿಯತ್ ಸರ್ಕಾರದ ಕೈ ಸೇರಿತು. ಎಲೋರ್ಗ್ ಎಂಬ ಸರ್ಕಾರಿ ಸಂಸ್ಥೆ ಅದನ್ನು ವಿದೇಶಗಳಿಗೆ ಮಾರಿತು. ನಿಂಟೆಂಡೊದ ಗೇಮ್ ಬಾಯ್ ಎಂಬ ಪುಟ್ಟ ಯಂತ್ರದ ಜೊತೆಗೆ ೧೯೮೯ರಿಂದ ಅದು ಕೋಟಿಗಟ್ಟಲೆ ಜನರ ಕೈಗೆ ಹೋಯಿತು. ಕಲ್ಪಿಸಿದವರಿಗೆ ಗೌರವಧನ ಬರಲು ೧೯೯೬ರವರೆಗೆ ಕಾಯಬೇಕಾಯಿತು. ಖಾಸಗಿ ಧಣಿಯಾಗಲಿ ಸರ್ಕಾರಿ ಧಣಿಯಾಗಲಿ, ಕಟ್ಟಿಸುವವನು ಎಲ್ಲಿಯೂ ತಾನಾಗಿಯೇ ಉದಾರಿಯಾಗುವುದಿಲ್ಲ. ಅವನನ್ನು ನಿಯಮವೊಂದು ಕಟ್ಟಿಹಾಕಬೇಕು.

ಹಾಗೆಂದು ಪ್ರಕಾಶಕನೂ ಡೆವಲಪರನೂ ಹಾವು ಮುಂಗುಸಿಗಳಾಗಿಯೇ ಇರಬೇಕೆಂದೇನೂ ಇಲ್ಲ. ಎರಿಕ್ ಬರೋನ್ ಎಂಬ ಅಮೆರಿಕದ ತರುಣ ನಾಲ್ಕು ವರ್ಷಕ್ಕೂ ಮೀರಿ ಒಬ್ಬನೇ ದುಡಿದು 'ಸ್ಟಾರ್ಡ್ಯೂ ವ್ಯಾಲಿ' ಎಂಬ ಬೇಸಾಯದ ಗೇಮನ್ನು ಕಟ್ಟಿದ. ೨೦೧೬ರಲ್ಲಿ ಅದನ್ನು ಚಕಲ್‌ಫಿಶ್ ಎಂಬ ಇಂಗ್ಲೆಂಡಿನ ಸಂಸ್ಥೆ ಪ್ರಕಟಿಸಿತು. ಗೇಮಿನ ಹಕ್ಕು ಬರೋನ್ ಅವರಲ್ಲೇ ಉಳಿದಿತ್ತು. ಆದ್ದರಿಂದ ೨೦೧೮ರಿಂದೀಚೆಗೆ ಪ್ರಕಾಶನವನ್ನೂ ಹಂತಹಂತವಾಗಿ ತಾವೇ ವಹಿಸಿಕೊಳ್ಳಲು ಅವರಿಗೆ ಸಾಧ್ಯವಾಯಿತು. ೨೦೨೪ರ ಕೊನೆಯ ಹೊತ್ತಿಗೆ ಅದರ ೪ ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದವು. ಹೆಸರೂ ಹಕ್ಕೂ ಕಟ್ಟಿದವನ ಬಳಿ ಉಳಿದರೆ ವ್ಯಾಪಾರ ಕೆಟ್ಟುಹೋಗುತ್ತದೆಂಬ ಹೆದರಿಕೆಗೆ ಇದಕ್ಕಿಂತ ಬೇರೆ ಉತ್ತರ ಬೇಡ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಹೊರದೇಶದ ಮಾತು. ನಮ್ಮ ಪಾಲೂ ಇದರಲ್ಲಿದೆ. ಬೆಂಗಳೂರಿನಲ್ಲಿ ೧೯೯೭ರಲ್ಲಿ ಧ್ರುವ ಇಂಟರಾಕ್ಟಿವ್ ಎಂಬ ಸ್ಟುಡಿಯೋ ಹುಟ್ಟಿತು. ವಿದೇಶೀ ಗೇಮುಗಳಿಗೆ ಚಿತ್ರ, ವಾಹನ, ಕಟ್ಟಡ, ಪಾತ್ರಗಳನ್ನು ರಚಿಸಿಕೊಡುವ ಕೆಲಸದಲ್ಲಿ ಅದು ಹೆಸರು ಮಾಡಿತು. ೨೦೧೯ರಲ್ಲಿ ಅದನ್ನು ರಾಕ್‌ಸ್ಟಾರ್ ಕೊಂಡುಕೊಂಡು, ಬೆಂಗಳೂರಿನಲ್ಲಿದ್ದ ತನ್ನ ಶಾಖೆಯೊಡನೆ ಸೇರಿಸಿಕೊಂಡಿತು. ಇಂಥ ಹೊರಗುತ್ತಿಗೆಯ ಕೆಲಸ ಇಂದು ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿ ಸಾವಿರಾರು ತರುಣ ತರುಣಿಯರಿಗೆ ಅನ್ನ ಕೊಡುತ್ತಿದೆ. ನನ್ನ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ಹಳಗನ್ನಡದ ಪಾಠದ ನಡುವೆ ನೋಟುಪುಸ್ತಕದ ಅಂಚಿನಲ್ಲಿ ಕುದುರೆಗಳನ್ನು ಬರೆಯುತ್ತಿದ್ದ ಹುಡುಗನೊಬ್ಬ ಅವರಲ್ಲಿ ಸೇರಿದ್ದಾನೆ. ಮೂರು ವರ್ಷ ಅವನು ವಿದೇಶೀ ಗೇಮೊಂದಕ್ಕೆ ಮರಗಳನ್ನೂ ಗಾಡಿಗಳನ್ನೂ ರಚಿಸಿದ. ಗೇಮು ಬಂದಾಗ ಕೊನೆಯ ಪಟ್ಟಿಯಲ್ಲಿ ಅವನ ಸಂಸ್ಥೆಯ ಹೆಸರು ಒಂದು ಸಾಲಿನಲ್ಲಿತ್ತು, ಅವನ ಹೆಸರಿರಲಿಲ್ಲ. ಯಾವ ಗೇಮೆಂದು ನನಗೆ ಹೇಳಲೂ ಅವನಿಗೆ ಅನುಮತಿಯಿಲ್ಲ, ಗೋಪ್ಯತೆಯ ಒಪ್ಪಂದವಂತೆ. ಬೇರೆ ಕೆಲಸಕ್ಕೆ ಅರ್ಜಿ ಹಾಕುವಾಗ ತನ್ನ ಮೂರು ವರ್ಷದ ಕೆಲಸವನ್ನು ತೋರಿಸುವಂತಿಲ್ಲ. ಅವನ ಮಟ್ಟಿಗೆ ಆ ಮೂರು ವರ್ಷ ನಡೆದೇ ಇಲ್ಲ. ಹೆಸರಿನಿಂದ ಹೊಟ್ಟೆ ತುಂಬುತ್ತದೆಯೇ ಎಂದು ಕೇಳುವವರು ಅವನ ಅರ್ಜಿಯನ್ನೊಮ್ಮೆ ನೋಡಬೇಕು.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಕುರುಡಲ್ಲ. ೧೯೫೭ರ ಕೃತಿಸ್ವಾಮ್ಯ ಕಾಯಿದೆಯ ೫೭ನೆಯ 'ವಿಧಿ, ಹಕ್ಕನ್ನು ಪೂರ್ತಿಯಾಗಿಯೋ ಭಾಗಶಃವೋ ಬೇರೆಯವರಿಗೆ ಬಿಟ್ಟುಕೊಟ್ಟ ಮೇಲೂ, ಕೃತಿ ತನ್ನದೆಂದು ಹೇಳಿಕೊಳ್ಳುವ ವಿಶೇಷ ಹಕ್ಕನ್ನು ಕರ್ತೃವಿಗೇ ಉಳಿಸುತ್ತದೆ. ಆಸ್ತಿ ಬೇರೆ, ಕರ್ತೃತ್ವ ಬೇರೆ ಎಂಬ ಉದಾತ್ತ ತತ್ತ್ವ ಅದರಲ್ಲಿದೆ. ಅಮೆರಿಕದ ಕಾನೂನು ಇಂಥ ಹಕ್ಕನ್ನು ೧೯೯೦ರಲ್ಲಿ ಕೊಟ್ಟದ್ದು ಚಿತ್ರ, ಶಿಲ್ಪಗಳಂಥ ದೃಶ್ಯಕಲೆಗಳಿಗೆ ಮಾತ್ರ. ಹಾಲಿವುಡ್ಡಿನ ಚಿತ್ರಕಥೆಗಾರರಿಗೆ ಅವರ ಸಂಘವಿದೆ. ಯಾರ ಹೆಸರು ಬರಬೇಕೆಂಬ ವ್ಯಾಜ್ಯ ಬಂದರೆ ಸಹಲೇಖಕರೇ ಕುಳಿತು ತೀರ್ಮಾನಿಸುತ್ತಾರೆ. ಗೇಮು ಕಟ್ಟುವವರಿಗೆ ಅಂಥ ಆಸರೆಯಿಲ್ಲ. ಅವರ ಅಂತರರಾಷ್ಟ್ರೀಯ ಸಂಘವಾದ ಐ.ಜಿ.ಡಿ.ಎ. ಹೆಸರು ಹಾಕುವ ಬಗ್ಗೆ ಮಾರ್ಗಸೂಚಿಯನ್ನು ರಚಿಸಿದೆ, ಒಳ್ಳೆಯ ಮಾರ್ಗಸೂಚಿ. ಆದರೆ ಪಾಲಿಸದವರನ್ನು ಕೇಳುವವರಿಲ್ಲ. ನಮ್ಮ ೫೭ನೆಯ ವಿಧಿಯಾದರೂ, ವಿದೇಶೀ ಪ್ರಕಾಶಕನೊಡನೆ ಹೋರಾಡುವ ಕಸುವಿಲ್ಲದ ಹುಡುಗನಿಗೆ ಪುಸ್ತಕದ ಬದನೆಕಾಯಿಯಾಗಿಯೇ ಉಳಿದಿದೆ.

ಕಾನೂನಿಗಿಂತ ಹಳೆಯದಾದ ಒಂದು ಸಂಪ್ರದಾಯವೂ ನಮ್ಮಲ್ಲಿದೆ. ಐಹೊಳೆಯ ೬೩೪ರ ಶಾಸನವನ್ನು ಬರೆದದ್ದು ಇಮ್ಮಡಿ ಪುಲಕೇಶಿಯ ಕೀರ್ತಿಗಾಗಿ. ಆದರೂ ಕವಿ ರವಿಕೀರ್ತಿ ಅದರಲ್ಲಿ ತನ್ನ ಹೆಸರನ್ನು ಹೇಳಿಕೊಂಡದ್ದಲ್ಲದೆ, ಕಾಳಿದಾಸ ಭಾರವಿಯರ ಸಾಲಿನಲ್ಲಿ ತನ್ನನ್ನು ಕೂರಿಸಿಕೊಂಡ. ಚಕ್ರವರ್ತಿ ಅದನ್ನು ಕೆತ್ತಿ ತೆಗೆಸಲಿಲ್ಲ. ಬೇಲೂರಿನ ದೇವಾಲಯವನ್ನು ೧೧೧೭ರಲ್ಲಿ ಕಟ್ಟಿಸಿದವನು ವಿಷ್ಣುವರ್ಧನ. ಅಲ್ಲಿಯ ಮದನಿಕೆಯರ ಕೆಳಗೆ ಬಳ್ಳಿಗಾವೆಯ ದಾಸೋಜನ ಹೆಸರೂ ಅವನ ಮಗ ಚಾವಣನ ಹೆಸರೂ ಇಂದಿಗೂ ಇವೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರಿದೆ. ಆ ಕಾಲದಲ್ಲಿ ಎಲ್ಲರಿಗೂ ನ್ಯಾಯ ಸಿಕ್ಕಿತೆಂದು ನಾನು ಹೇಳುವುದಿಲ್ಲ. ಕಲ್ಲು ಹೊತ್ತವರ ಹೆಸರು ಅಲ್ಲಿಯೂ ಇಲ್ಲ. ಆದರೆ ದೊರೆಯ ಹೆಸರಿಗೂ ರೂವಾರಿಯ ಹೆಸರಿಗೂ ಒಂದೇ ಗುಡಿಯಲ್ಲಿ ಜಾಗವುಂಟೆಂದು ಒಪ್ಪಿದ ದೊರೆಗಳಿಗಿಂತ ಈ ಪ್ರಕಾಶಕರು ದೊಡ್ಡವರೇನಲ್ಲ.

ಆದ್ದರಿಂದ ಆಗಬೇಕಾದದ್ದು ಇಷ್ಟು. ಗೇಮಿಗಾಗಿ ದುಡಿದ ಪ್ರತಿಯೊಬ್ಬರ ಹೆಸರೂ, ನಡುವೆ ಬಿಟ್ಟು ಹೋದವರದೂ ಸೇರಿ, ಅದರಲ್ಲಿ ಇರಬೇಕು. ಹೊರಗುತ್ತಿಗೆಯ ಸಂಸ್ಥೆಯ ಹೆಸರಿನ ಜೊತೆಗೆ ಅಲ್ಲಿ ದುಡಿದವರ ಹೆಸರುಗಳೂ ಇರಬೇಕು. ಗೇಮು ಪ್ರಕಟವಾದ ದಿನವೇ ಗೋಪ್ಯತೆಯ ಬೀಗ ಬಿಚ್ಚಬೇಕು. ಪ್ರಕಾಶಕನ ಖರ್ಚಿನ ಲೆಕ್ಕಕ್ಕೆ ಮಿತಿಯೂ, ಅದನ್ನು ಪರಿಶೀಲಿಸುವ ಹಕ್ಕೂ ಒಪ್ಪಂದದಲ್ಲಿರಬೇಕು. ಪ್ರಕಾಶಕ ಅಂಗಡಿ ಮುಚ್ಚಿದರೆ, ಅಥವಾ ಗೇಮನ್ನು ಮೂಲೆಗೆ ಎಸೆದರೆ, ಹಕ್ಕು ತಾನಾಗಿಯೇ ಕಟ್ಟಿದವನಿಗೆ ಹಿಂತಿರುಗಬೇಕು. ಇವುಗಳಲ್ಲಿ ಒಂದಕ್ಕಾದರೂ ಕೋಟಿಗಟ್ಟಲೆ ಹಣ ಬೇಕಾಗಿಲ್ಲ. ಬೇಕಾದದ್ದು ಸ್ವಲ್ಪ ನಾಚಿಕೆ.

ಓದುಗರಿಂದ ಆಗಬೇಕಾದದ್ದೂ ಒಂದಿದೆ. ಮನೆಯ ಹುಡುಗ ಗೇಮು ಮುಗಿಸಿ ಎದ್ದಾಗ, ಆಡಿ ಹಾಳಾದೆ ಎಂದು ಗದರುವ ಮೊದಲು, 'ಇದನ್ನು ಕಟ್ಟಿದವರು ಯಾರಪ್ಪ?' ಎಂದು ಒಂದು ಮಾತು ಕೇಳಿ. ಅವನು ಪ್ರಕಾಶಕನ ಹೆಸರು ಹೇಳಿದರೆ, ಅದು ಕಟ್ಟಿಸಿದವರ ಹೆಸರು, ಕಟ್ಟಿದವರದನ್ನು ಹುಡುಕು ಎನ್ನಿ. ಕೊಳ್ಳುವವರು ಕೇಳತೊಡಗಿದ ದಿನ ಮಾರುವವರು ಹೇಳತೊಡಗುತ್ತಾರೆ.